ಮೂರನೆಯ ಹಳಿಯ ಕಥೆ

ಮಧುಸೂದನನ ಅಂಗಿಯ ಮೇಲಿನ ಬಿಲ್ಲೆಯಲ್ಲಿ ‘ಮ್ಯಾಕ್ಸ್’ ಎಂದಿತ್ತು. ಮೈಸೂರಿನಿಂದ ಲಂಡನ್ನಿಗೆ ಬಂದ ಹೊಸದರಲ್ಲಿ, ಆಫೀಸಿನವರ ನಾಲಿಗೆಗೆ ತೊಡಕಾಗದಿರಲೆಂದು ತಾನೇ ಇಟ್ಟುಕೊಂಡ ಹೆಸರು. ‘ಮಧು’ ಎಂದು ಕರೆಯುತ್ತಿದ್ದ ಹೆಂಡತಿ ತೀರಿಕೊಂಡ ಮೇಲೆ ಹೇಸ್‌ನ ಮನೆಯಲ್ಲಿ ಮಾತಿಗೆ ಜನವಿಲ್ಲ. ಅದಕ್ಕೇ ಭಾನುವಾರ ಅಕ್ಸ್‌ಬ್ರಿಡ್ಜ್‌ನ ಪುಟ್ಟ ರೈಲ್ವೆ ಮ್ಯೂಸಿಯಂನಲ್ಲಿ ಪುಕ್ಕಟೆ ಉಪನ್ಯಾಸ ಕೊಡುತ್ತಿದ್ದ. ಇವತ್ತೂ ಕುರ್ಚಿಗಳು ಖಾಲಿಯಿದ್ದರೆ ಅದಕ್ಕೆ ಮಂಗಳ ಹಾಡುವುದೇ ಸರಿ ಎಂದು ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು.

ಒಬ್ಬ ಹೆಂಗಸು ಬಂದು ಕೂತಳು. ದಪ್ಪ ಕೋಟು, ಹುಬ್ಬಿನವರೆಗೆ ಉಣ್ಣೆ ಟೊಪ್ಪಿ. ಗುಜರಾತಿಯಿರಬೇಕು ಅಂದುಕೊಂಡ. ಊರಲ್ಲಾಗಿದ್ದರೆ ಮೊದಲ ಮಾತೇ ‘ಯಾವೂರು?’ ಆಗಿರುತ್ತಿತ್ತು. ಲಂಡನ್ನಿನ ಸಭ್ಯತೆ ಕಲಿತವನು, ಕೇಳಲಿಲ್ಲ.

ಇಂಗ್ಲಿಷಿನಲ್ಲಿ ಕಥೆ ಶುರುಮಾಡಿದ. ಕರೆಂಟಿನ ರೈಲು ಬಂದ ಕಾಲದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕಂಪನಿ ತಲೆಯ ಮೇಲೆ ತಂತಿ ಕಟ್ಟಿತು, ಪಕ್ಕದ ಕಂಪನಿ ನೆಲದಲ್ಲಿ ಮೂರನೆಯ ಹಳಿ ಹಾಕಿ ಅದರಲ್ಲಿ ಕರೆಂಟು ಹರಿಸಿತು. ಒಬ್ಬರ ಬಂಡಿ ಇನ್ನೊಬ್ಬರ ದಾರಿಯಲ್ಲಿ ಓಡದು. ಕೊನೆಗೆ ಕಂಪನಿಗಳು ಒಂದಾದಾಗ ಮೂರನೆಯ ಹಳಿಯೇ ಎಲ್ಲರಿಗೂ ಎಂದಾಯಿತು. ತಂತಿಗಳನ್ನೆಲ್ಲ ಬಿಚ್ಚಿಹಾಕಿದರು.

“ತಂತಿ ಕಟ್ಟಿದವರಿಗೆ ಬೇಜಾರಾಗಲಿಲ್ವಾ?” ಅವಳೂ ಇಂಗ್ಲಿಷಿನಲ್ಲೇ ಕೇಳಿದಳು.

ಅಂಥ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ. ಮಧುಸೂದನನಿಗೆ ಹಿಗ್ಗೋ ಹಿಗ್ಗು. ಉಪನ್ಯಾಸ ಮುಗಿಸಿ, ಅವಳನ್ನು ಚಹಾಕ್ಕೆ ಕರೆಯಬೇಕು ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

“ಅಕ್ಕಾ, ಹೊರಗೆ ಚಳಿ ಅಂದೇಳಿ ಮ್ಯೂಸಿಯಂ ಒಳಗ್ ಬಂದೆ ಮಾರಾಯ್ತಿ,” ಎಂದಳು, ಅಪ್ಪಟ ಕುಂದಾಪುರದ ಕನ್ನಡದಲ್ಲಿ. “ಒಬ್ರ್ ರೈಲಿನ್ ಕಥಿ ಹೇಳ್ತಿದ್ರ್. ಕೇಂಬುಕೆ ಒಂದ್ ಜನ ಇಲ್ಲ, ಪಾಪ! ಎದ್ದ್ ಬಪ್ಪುಕೆ ಮನಸ್ ಬರ್ಲಿಲ್ಲ. ಸುಮ್ಮನೆ ಕೂಕಂಡೆ.”

ಕನ್ನಡ ಕಿವಿಗೆ ಬಿದ್ದ ಸಂತೋಷ ಮೊದಲು ಬಂತು, ಮಾತಿನ ಅರ್ಥ ಆಮೇಲೆ. ಈಗ ತಾನೊಂದು ಕನ್ನಡದ ಮಾತಾಡಿದರೆ ಅವಳು ನಾಚಿ ನೀರಾಗುತ್ತಾಳೆ. ತಾನು ಪಾಪದವನಾಗಿ ಅವಳೆದುರು ನಿಲ್ಲಬೇಕಾಗುತ್ತದೆ. ಮಧುಸೂದನನಿಗೆ ಎರಡೂ ಬೇಡವಾಗಿತ್ತು. ಆದರೂ ‘ಯಾವೂರು ನಿಮ್ಮದು?’ ಎಂಬುದು ಗಂಟಲಿನವರೆಗೆ ಬಂದು ನಿಂತಿತ್ತು.

ಅವಳು ಫೋನು ಇಟ್ಟು ನಕ್ಕಳು. “ತುಂಬ ಚೆನ್ನಾಗಿತ್ತು. ನಿಮ್ಮ ಮನೆಭಾಷೆ ಯಾವುದು?” ಮತ್ತೆ ಇಂಗ್ಲಿಷು.

“ಇಂಗ್ಲಿಷೇ,” ಎಂದ ಮಧುಸೂದನ.