ಕರೆಯದ ಹೆಸರು

ಭೀಮವ್ವ ಮಗಳ ಹಣೆಗೆ ವಿಭೂತಿ ಬಳಿಯುವಾಗ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಬಳಿದಳು. ಪುಣೆಯ ಖಡಕಿಯ ಆ ಎರಡು ಕೋಣೆಯ ಮನೆಯಲ್ಲಿ ಶೈಲಾಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕಾಮಾಲೆಯೆಂದು ಆಸ್ಪತ್ರೆಗೆ ಹೋದವಳು ವಾರದೊಳಗೆ ಹೆಣವಾಗಿ ಮರಳಿದ್ದಳು.

"ಹಾರ ನೀವ ಹಾಕ್ರಿ," ಎಂದಳು ಅಳಿಯನಿಗೆ.

ಬಸವಲಿಂಗ ಹಾರ ಹಿಡಿದು ನಿಂತೇ ಇದ್ದ. "ಆಕಿ ನನ್ನ ಜೋಡಿ ಮಾತ ಬಿಟ್ಟಿದ್ಲರಿ ಅತ್ತಿ. ಒಂದು ಹೆಸರಿನ ಸಲುವಾಗಿ."

*

ಶೈಲಾ ಮನೆಯಲ್ಲೇ ಲಗ್ನಪತ್ರಿಕೆ, ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಅವಳ ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಸಾಫ್ಟ್‌ವೇರ್ ತೆರೆದರೆ ಪರದೆ ಅಲುಗಾಡದೆ ನಿಂತುಬಿಡುತ್ತಿತ್ತು. ಅವಳ ಪಾಡು ನೋಡಲಾರದೆ ಬಸವಲಿಂಗ ಆಫೀಸು ಮುಗಿಸಿ ಬಂದು, ತಿಂಗಳುಗಟ್ಟಲೆ ಕುಳಿತು ಒಂದು ಚಿಕ್ಕ ಪ್ರೋಗ್ರಾಂ ಬರೆದ. ಬರೆಯಲು, ತಿದ್ದಲು ಮಾತ್ರ. ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟು ಹಗುರ. 'ಗರಿ' ಎಂದು ಕರೆದ. ಪುಣೆಯ ಟೈಪಿಂಗ್ ಅಂಗಡಿಯವರೂ ಕೇಳಿ ಒಯ್ದರು. ಕೆಲವು ವರ್ಷದ ಮೇಲೆ, ಅದು ನಮ್ಮ ಹೆಸರು, ಬದಲಿಸಿ ಎಂದು ಕಂಪನಿಯೊಂದು ತಕರಾರು ತೆಗೆಯಿತು.

"ಅಂಬಾ ಅಂತ ಇಡೂಣು," ಎಂದಳು ಶೈಲಾ, ಊಟಕ್ಕೆ ಕೂತಾಗ.

ಬಸವಲಿಂಗನ ಕೈಯ ತುತ್ತು ತಟ್ಟೆಗೆ ಬಿತ್ತು. ಹುಟ್ಟಿದ ದಿನವೇ ಹೋದ ಮಗಳಿಗೆ ಅವರು ಗೊತ್ತು ಮಾಡಿಟ್ಟಿದ್ದ ಹೆಸರು ಅದು.

"ತಲಿ ಕೆಟ್ಟದೇನು ನಿಂದು? ಸತ್ತ ಕೂಸಿನ ಹೆಸರು ಮಷೀನಿಗೆ ಇಡ್ತಾರೇನು? ಇನ್ನ ಮ್ಯಾಲ ಆ ಹೆಸರು ಎತ್ತಬ್ಯಾಡ."

ಅವಳು ಎತ್ತಲಿಲ್ಲ. ಬೇರೆ ಮಾತುಗಳೂ ಕಡಿಮೆಯಾದವು. ಪ್ರೋಗ್ರಾಮಿಗೆ ಹೆಸರಿಲ್ಲದೆ ಮಳೆಗಾಲ ಕಳೆಯಿತು.

*

ಕೆಳಗಿನ ಹೋಟೆಲಿನ ಪಂಕಜಾಕ್ಷಿ, ಶೈಲಾಳ ಗೆಳತಿ, ಹಾರ ಹಿಡಿದು ನಿಂತಿದ್ದ ಬಸವಲಿಂಗನ ಹತ್ತಿರ ಬಂದಳು.

"ಅವಳಿಗೆ ಕೋಪ ಇರ್ಲಿಲ್ಲ ಅಣ್ಣ. ಆಸ್ಪತ್ರೆಯಲ್ಲಿ ನನ್ನತ್ರ ಹೇಳಿದ್ಳು. 'ನನ್ನ ಕೂಸನ್ನ ಹೆಸರು ಹಿಡದು ಕರದವ್ರ ಇಲ್ಲ ಪಂಕಜಾ. ಹಿಂಗಾದ್ರ ಯಾವದರ ಅಂಗಡ್ಯಾಗ ಯಾರರ, ಅಂಬಾ ಎಲ್ಲದ, ಅಂಬಾ ತಗೀರಿ ಅಂತಾರ' ಅಂತ."

"ನನ್ನ ಮುಂದ ಯಾಕ ಹೇಳಲಿಲ್ಲ ಆಕಿ?"

"ಎತ್ತಬೇಡ ಅಂದಿದ್ರಲ್ಲ ನೀವು."

ಬಸವಲಿಂಗ ಬಾಗಿ ಹಾರ ಹಾಕಿದ. ಅವಳ ಕೆನ್ನೆಗೆ ಅಂಟಿದ ಎಸಳನ್ನು ತೆಗೆದ. "ಅಂಗಡಿಯವ್ರಿಗೆ ಆ ಹೆಸರ ಹೇಳ್ತೀನಿ," ಎಂದ.

ರುದ್ರಭೂಮಿಯಲ್ಲಿ ಮಣ್ಣು ಕೊಟ್ಟು ಎಲ್ಲರೂ ಹೊರಟಾಗ, ಅವನು ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡು ಹಿಂದಿನ ಗೋಡೆಯ ಕಡೆ ನಡೆದ. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅಂದು ಅಲ್ಲಿಯೇ ಹೂಳಿದ್ದ. ಗುರುತಿಗೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ಗೋಡೆಯುದ್ದಕ್ಕೂ ಹುಲ್ಲು ಒಂದೇ ಸಮನೆ ಬೆಳೆದಿತ್ತು.

"ಅಂಬಾ," ಎಂದ ಮೆಲ್ಲಗೆ. ಮತ್ತೊಮ್ಮೆ, ತುಸು ಗಟ್ಟಿಯಾಗಿ.

ಮಣ್ಣನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಮುಷ್ಟಿ ಬಿಗಿಹಿಡಿದು ಹುಲ್ಲಿನ ನಡುವೆ ನಿಂತೇ ಇದ್ದ.