ಅಪ್ಪನ ಹೆಂಚಿನ ಕೆಳಗೆ

ಆಷಾಢ ಮುಗಿಯುತ್ತ ಬಂದಿತ್ತು. ನಿಟ್ಟುವಳ್ಳಿಯ ಹೊಲಗಳಲ್ಲಿ ಮುಂಗಾರು ಜೋಳ ಮೊಣಕಾಲೆತ್ತರಕ್ಕೆ ಬೆಳೆದು ಗಾಳಿ ಬೀಸಿದ ಕಡೆಗೆಲ್ಲ ತಲೆ ಬಾಗಿಸುತ್ತಿತ್ತು. ಬಕ್ಕೇಶಪ್ಪ ಎಡೆಕುಂಟೆ ಹೊಡೆಯುತ್ತಿದ್ದ. ಕುಂಟೆಗೆ ಸಿಕ್ಕದ ಕಳೆಯನ್ನು ಅಂಜಿನವ್ವ ಮತ್ತು ಉಳಿದ ಹೆಣ್ಣಾಳುಗಳು ಸಾಲು ಹಿಡಿದು ಕೀಳುತ್ತ ಬರುತ್ತಿದ್ದರು. ಬಕ್ಕೇಶಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ಬುತ್ತಿಯ ಪುಟ್ಟಿಯನ್ನು ಬದುವಿನ ಮೇಲೆ ಇಳಿಸಿದಳು.

ರೊಟ್ಟಿಗೆ ಕೈಯೊಡ್ಡಿದ ಅಂಜಿನವ್ವನ ಕಣ್ಣು ದ್ರಾಕ್ಷಾಯಣಮ್ಮನ ಕೊರಳಿಗೇ ಹೋಯಿತು. "ಏನ್ರವ್ವ, ಪಂಚಮಿ ಬಂತು, ಕೊಳ್ಳಾಗೆ ಬೋರಮಾಳ ಕಾಣವಲ್ದು?"

"ಹರಿಹರದಾಗೆ ಐತವ್ವ. ಮನೆ ಮ್ಯಾಲೆ ಕುಂತೈತೆ."

"ಬಂಗಾರದ ಗುಂಡು ಹೆಂಚಿನ ಮ್ಯಾಲೆ ಕುಂತ್ರೆ ಕಾಗಿ ಎತ್ಕೊಂಡು ಹೋಗಲ್ವೇನ್ರಿ?"

ಹೆಣ್ಣಾಳುಗಳು ನಕ್ಕರು. ದ್ರಾಕ್ಷಾಯಣಮ್ಮನೂ ನಕ್ಕಳು. ನಗದಿದ್ದರೆ ಅಳಬೇಕಾಗುತ್ತಿತ್ತು.

ಹೋದ ವರ್ಷ ಹತ್ತಿ ಮಾರಲು ದಾವಣಗೆರೆಗೆ ಹೋದ ಬಕ್ಕೇಶಪ್ಪ, ದಲಾಲಿ ಮಂಡಿಯ ಮಾಲೀಕ ಗಾದಿಯ ಮೇಲೆ ಒರಗಿಕೊಂಡೇ ಮನೆ ಬಾಡಿಗೆ ಎಣಿಸಿಕೊಳ್ಳುವುದನ್ನು ಕಂಡು ಬಂದಿದ್ದ. ಆ ಮನುಷ್ಯನ ಕಾಲಿಗೆ ಮಣ್ಣಿಲ್ಲ, ಕೈಗೆ ಬೊಬ್ಬೆಯಿಲ್ಲ. ಆವತ್ತಿನಿಂದ ಬಕ್ಕೇಶಪ್ಪನಿಗೆ ಎತ್ತಿನ ಬಾಲ ನೋಡಿದರೆ ಬೇಸರ. "ಜೋಳಕ್ಕೆ ಮಳೆ ಬೇಕು, ಹತ್ತಿಗೆ ಬಿಸಿಲು ಬೇಕು. ಬಾಡ್ಗೆಗೆ ಏನ್ ಬೇಕು? ತಿಂಗಳು ಹುಟ್ಟಿದ್ರೆ ಸಾಕು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗಿದ. ಹರಿಹರದಲ್ಲಿ ಯಂತ್ರದ ಕಾರ್ಖಾನೆ ಬೆಳೆಯುತ್ತಿತ್ತು, ಕೆಲಸಗಾರರಿಗೆ ಮನೆ ಸಿಗುತ್ತಿರಲಿಲ್ಲ. ಅಲ್ಲಿ ಜಾಗ ಕೊಂಡು, ಒಂದೇ ಸೂರಿನ ಕೆಳಗೆ ಎರಡು ಮನೆ ಎಬ್ಬಿಸಿದ. ಗೋಡೆ ನಿಂತವು, ದುಡ್ಡು ಮುಗಿಯಿತು. ಮಂಗಳೂರು ಹೆಂಚಿಗಾಗಿ ಹೆಂಡತಿಯ ಬೋರಮಾಳ ದಾವಣಗೆರೆಯ ಸರಾಫನ ತಿಜೋರಿ ಸೇರಿತು. "ಆರು ತಿಂಗಳ ಬಾಡ್ಗೆ ಬಂತೋ, ನಿನ್ನ ಸರ ನಿನ್ನ ಕೊಳ್ಳಾಗೆ" ಎಂದು ಬಕ್ಕೇಶಪ್ಪ ಲಿಂಗ ಮುಟ್ಟಿ ಹೇಳಿದ್ದ.

ಮನೆ ಕೇಳಲು ಮೊದಲು ಬಂದವನು ಕುತುಬುದ್ದೀನ್. ಕಾರ್ಖಾನೆಯಲ್ಲಿ ಲೇತ್ ನಡೆಸುವವನು, ದಿನವೂ ದಾವಣಗೆರೆಯಿಂದ ರೈಲಿನಲ್ಲಿ ಬಂದು ಹೋಗಿ ಸಾಕಾಗಿದ್ದವನು. ಮುಂಗಡ ಜೇಬಿನಲ್ಲೇ ಇತ್ತು. "ಮನೆ ಮಾತಾಡೈತೆ ಸಾಬ್ರೆ" ಎಂದು ಬಕ್ಕೇಶಪ್ಪ ಕೈ ಮುಗಿದ. ಒಂದು ನರಪಿಳ್ಳೆಯ ಹತ್ತಿರವೂ ಮಾತಾಡಿರಲಿಲ್ಲ. "ಮನೆ ಅಂದಮ್ಯಾಲೆ ನಮ್ಮವರು ಇರ್ಬೇಕು" ಎನ್ನುವುದು ಅವನ ಲೆಕ್ಕ.

ನಮ್ಮವರು ತಡ ಮಾಡಲಿಲ್ಲ. ಒಂದು ಮನೆಗೆ ಬಕ್ಕೇಶಪ್ಪನ ಅಕ್ಕನ ಮಗ ಕರಿಬಸವರಾಜ ಬಂದ. ಇನ್ನೊಂದಕ್ಕೆ ದ್ರಾಕ್ಷಾಯಣಮ್ಮನ ತಮ್ಮ, ಕಾರ್ಖಾನೆಯ ಸ್ಟೋರಿನ ಗುಮಾಸ್ತ ಶಿವಮೂರ್ತಪ್ಪ ಬಂದ. ಇಬ್ಬರೂ ಹಾಲುಕ್ಕಿಸಿದರು. ಹಾಲು ಮಾತ್ರ ಮಾಲೀಕನದು. ಅಲ್ಲಿಂದ ಈಚೆಗೆ ಬಾಡಿಗೆಯ ಮಾತು ಉಕ್ಕಲೇ ಇಲ್ಲ. ಬಾಡಿಗೆ ಕೇಳಲು ಹೊರಟಾಗಲೆಲ್ಲ, ನೆಂಟರ ಮನೆಗೆ ಬರಿಗೈಲಿ ಹೋಗುವುದು ಹೇಗೆಂದು ಬಕ್ಕೇಶಪ್ಪ ತುಪ್ಪ, ಶೇಂಗಾ, ಬದನೆಕಾಯಿ ಹೊತ್ತು ಹೋಗುತ್ತಿದ್ದ. ಬರುವಾಗ ಬರಿ ಚೀಲ. ಬಾಡಿಗೆಗೆ ಇದ್ದವರು ಯಾರು, ಬಾಡಿಗೆ ಕಟ್ಟುತ್ತಿದ್ದವರು ಯಾರು ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ.

ಈಗ ಸರಾಫ ಹೇಳಿ ಕಳಿಸಿದ್ದ: ಮಹಾನವಮಿಯೊಳಗೆ ಬಿಡಿಸದಿದ್ದರೆ ಸರ ಕರಗಿಸುತ್ತೇನೆ.

"ನಿನ್ನ ತಮ್ಮನ್ನ ನೀನೇ ಕೇಳು. ನಾ ಕೇಳಿದ್ರೆ ನೆಂಟಸ್ತಿಕೆ ಕೆಡ್ತೈತೆ" ಎಂದ ಬಕ್ಕೇಶಪ್ಪ, ರೊಟ್ಟಿ ಮುರಿಯುತ್ತ.

"ನಿಮ್ಮ ಅಳಿಯನ್ನ ಯಾರು ಕೇಳ್ಬೇಕ್ರಿ?"

"ಅವನ್ನ ಕೇಳಾಕಾಗ್ತೈತಾ? ನಾಳೆ ನಮ್ಮ ಹುಡುಗಿ ಕೈ ಹಿಡಿಯೋನು!"

ಹುಡುಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಮರುದಿನವೇ ದ್ರಾಕ್ಷಾಯಣಮ್ಮ ರೈಲು ಹತ್ತಿ ಹರಿಹರಕ್ಕೆ ಹೋದಳು. ತಮ್ಮ ಚಾ ಕೊಡಿಸಿದ, ಮಾತು ಮುಗಿಯುವವರೆಗೆ ತಲೆದೂಗಿದ. ಆಮೇಲೆ ಸೂರಿನ ಕಡೆ ಬೆರಳು ಮಾಡಿದ.

"ಅಕ್ಕಾ, ಆ ಹೆಂಚು ಯಾತರಾಗೆ ಬಂದ್ವು?"

"ನನ್ನ ಬೋರಮಾಳದಾಗೆ."

"ಬೋರಮಾಳ ಯಾರು ಮಾಡಿಸಿದ್ದು?"

"ನಮ್ಮಪ್ಪ."

"ಅಂದಮ್ಯಾಲೆ ಇವು ನಮ್ಮಪ್ಪನ ಹೆಂಚು. ನಮ್ಮಪ್ಪನ ಹೆಂಚಿನ ಕೆಳಗೆ ಮಲಗಾಕ ನಾನು ಬಾಡ್ಗೆ ಕೊಡ್ಬೇಕೇನಕ್ಕ? ನೀನೇ ಹೇಳು, ನ್ಯಾಯನಾ?"

ಒಳಗಿನಿಂದ ಅವನ ಹೆಂಡತಿ ಶಕುಂತಲಮ್ಮ, "ಹೂಂ ಮತ್ತೆ" ಎಂದಳು. ದ್ರಾಕ್ಷಾಯಣಮ್ಮ ಎದ್ದಳು. ರೈಲಿನುದ್ದಕ್ಕೂ ತಮ್ಮನ ಮಾತನ್ನು ಅಕ್ಕಿ ಆರಿಸಿದ ಹಾಗೆ ಮೊರದಲ್ಲಿ ಹರವಿಕೊಂಡು ನೋಡಿದಳು. ಕಲ್ಲು ಸಿಗಲಿಲ್ಲ. ಮಾತು ಗಟ್ಟಿಯಾಗಿಯೇ ಇತ್ತು. ಇಷ್ಟು ಗಟ್ಟಿ ಮಾತನ್ನು ಅವನೊಬ್ಬನೇ ಯಾಕೆ ಉಣ್ಣಬೇಕು?

ಪಂಚಮಿಯ ಹಿಂದಿನ ದಿನ ಶಿವಮೂರ್ತಪ್ಪನ ಬಾಗಿಲಲ್ಲಿ ಟಾಂಗಾ ನಿಂತಿತು. ದ್ರಾಕ್ಷಾಯಣಮ್ಮ ಇಳಿದಳು, ಇಬ್ಬರು ಹೆಣ್ಣುಮಕ್ಕಳು ಇಳಿದರು, ಕೊನೆಗೆ ಹಲ್ಲಿಲ್ಲದ ಅತ್ತೆಯನ್ನು ಕೈಹಿಡಿದು ಇಳಿಸಿದರು.

"ಏನಕ್ಕ, ಹೇಳ್ದೆ ಕೇಳ್ದೆ?"

"ತವರಿಗೆ ಬರಾಕ ಹೇಳಿ ಕೇಳಿ ಬರ್ಬೇಕೇನೋ? ಅಪ್ಪ ಹೋದಮ್ಯಾಲೆ ಒಂದು ಪಂಚಮಿಗೂ ನೀ ಕರೆಯಾಕ ಬರ್ಲಿಲ್ಲ. ಊರ ಮನೆ ಬಿದ್ದೈತೆ, ಎಲ್ಲಿಗೆ ಕರೀಲಿ ಅಂತಿದ್ದಿ. ಈಗ ಅಪ್ಪನ ಹೆಂಚು ಐತಲ್ಲಪ್ಪ! ಶ್ರಾವಣ ಮುಗಿಸ್ಕೊಂಡೇ ಹೋಗ್ತೀನಿ."

ತವರಿಗೆ ಬಂದ ಹೆಣ್ಣು ಒಲೆಯ ಮುಂದೆ ಕೂರಬಾರದು. ದ್ರಾಕ್ಷಾಯಣಮ್ಮ ಕೂರಲಿಲ್ಲ. ಶಕುಂತಲಮ್ಮ ನೀರು ಕಾಸಿದಳು, ಎರೆದಳು, ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಕಟ್ಟಿದಳು. ಕಟ್ಟಿದ್ದನ್ನು ದ್ರಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ಹಂಚಿದಳು. "ಬರ್ರಿ, ಕೂಡ್ರಿ, ಇದು ನನ್ನ ತವರು" ಎಂದು ಕಾರ್ಖಾನೆಯವರ ಹೆಂಡಿರನ್ನೆಲ್ಲ ಕರೆದು ಕುಂಕುಮ ಕೊಟ್ಟಳು. ಹುಡುಗಿಯರು ತೊಲೆಗೆ ಹಗ್ಗ ಬಿಗಿದು ಜೋಕಾಲಿ ಆಡಿದರು. ಹಲ್ಲಿಲ್ಲದ ಅತ್ತೆಗೆ ರೊಟ್ಟಿ ನಡೆಯದು, ದಿನವೂ ಹೋಳಿಗೆಯಾಗಬೇಕು, ಮೆತ್ತಗಿರಬೇಕು. ಸೋಮವಾರ ಬಂದರೆ, "ಶ್ರಾವಣ ಸೋಮವಾರ ನಮ್ಮಪ್ಪ ಜಂಗಮರಿಗೆ ಉಣ್ಣಾಕ ಇಡ್ತಿದ್ದ, ಮರ್ತಿಯೇನೋ?" ಎಂದು ನೆನಪಿಸಿದಳು. ಬಕ್ಕೇಶಪ್ಪನಿಗೂ ಹೇಳಿ ಕಳಿಸಿದಳು. ಅವನು ನಾಚುತ್ತಲೇ ಬಂದ, ನಾಚುತ್ತಲೇ ಆರು ಹೋಳಿಗೆ ಉಂಡ. ಮನೆಯ ಅಳಿಯ ಹಬ್ಬದ ತಿಂಗಳಲ್ಲಿ ಬಂದ ಮೇಲೆ ಧೋತರ ಉಡಿಸದೆ ಕಳಿಸುವುದುಂಟೇ? ಉಡಿಸಿದರು.

"ಬೆಲ್ಲ ಮುಗೀತ್ರೀ" ಎಂದು ಶಕುಂತಲಮ್ಮ ಬೀದಿಗೆ ಕೇಳುವ ಹಾಗೆ ಕೂಗಿದಳು. ಬೀದಿ ಕೇಳಿತು, ದ್ರಾಕ್ಷಾಯಣಮ್ಮ ಕೇಳಲಿಲ್ಲ.

ಮೂರನೆಯ ಸೋಮವಾರದ ಮುಂಜಾನೆ ಶಿವಮೂರ್ತಪ್ಪ ಅಕ್ಕನ ಮುಂದೆ ಕುಕ್ಕರಿಸಿದ. "ಅಕ್ಕಾ, ಬಾಡ್ಗೆ ಎಷ್ಟು ಆಗೈತೆ ಹೇಳಿಬಿಡು."

"ಬಾಯಿ ತೊಳ್ಕೊ! ತವರಾಗೆ ಯಾರಾದ್ರೂ ಬಾಡ್ಗೆ ಮಾತಾಡ್ತಾರಾ?"

ಅಲ್ಲಿಗೆ ಅವನಿಗೆ ಅರ್ಥವಾಯಿತು. ಬಾಡಿಗೆ ಕೊಟ್ಟರೂ ಈ ಮನೆಯಲ್ಲಿ ಅಕ್ಕ ತಪ್ಪುವುದಿಲ್ಲ. ಕೋಟೆಯ ಕಡೆ ಯಾರೋ ಪರಿಚಯವಿಲ್ಲದವರ ಮನೆಗೆ ಮುಂಗಡ ಕೊಟ್ಟು, ಗಾಡಿಗೆ ಸಾಮಾನು ಹೇರಿದ. ಪರಿಚಯವಿಲ್ಲದವರಿಗೆ ಕೊಡಲು ಅವನ ಹತ್ತಿರ ಮೊದಲಿನಿಂದಲೂ ದುಡ್ಡಿತ್ತು.

ಗಾಡಿ ಹೊರಡುವಾಗ ತಿರುಗಿ ನಿಂತ. "ಇನ್ನು ನಿನಗೆ ತವರು ಅಂಬೋದು ಇಲ್ಲ, ತಿಳ್ಕೋ."

ಅವಳ ಬಾಯಲ್ಲಿ ಉತ್ತರ ಸಿದ್ಧವಿತ್ತು. ಯಾವಾಗ ಇತ್ತು ಅಂತ ಇನ್ನು ಇಲ್ಲವಾಗುವುದು, ಎನ್ನಬೇಕೆಂದಿದ್ದಳು. ಆದರೆ ಮುಖ ತಿರುವಿದ ತಮ್ಮನ ಹೆಗಲು ಅಪ್ಪನ ಹೆಗಲಿನ ಹಾಗೆಯೇ ಒಂದು ಕಡೆಗೆ ಇಳಿದಿದ್ದು ಕಂಡಿತು. ಒಳಗೆಲ್ಲ ಕಸ ಬಿದ್ದಿತ್ತು. ಹೋದವರ ಬೆನ್ನಿಗೇ ಕಸ ಹೊಡೆಯಬಾರದೆಂದು, ಪೊರಕೆ ಹಿಡಿದುಕೊಂಡು ಗಾಡಿ ತಿರುವು ದಾಟುವವರೆಗೆ ಹೊಸ್ತಿಲಲ್ಲೇ ನಿಂತಳು.

ಸಂಜೆ ಕಾರ್ಖಾನೆ ಬಿಟ್ಟಾಗ ಕುತುಬುದ್ದೀನನನ್ನು ಅವಳೇ ಕರೆಸಿದಳು.

"ಮನೆ ಮಾತಾಡೈತೆ ಅಂದಿದ್ರಲ್ಲಮ್ಮ, ಯಜಮಾನ್ರು?"

"ಬರೇ ಮಾತಾಡಿದ್ದೇ ಆತು ಸಾಬ್ರೆ. ನೀವು ಮಾತು ಬಿಡ್ರಿ, ದುಡ್ಡು ತರ್ರಿ."

ಕುತುಬುದ್ದೀನ್ ನಕ್ಕ. ಒಂದು ಮಾತು ಕೇಳಿದ: "ನಡುವೆ ನಿಮ್ಮವರು ಯಾರಾದ್ರೂ ಬಂದ್ರೆ ನನ್ನ ಎಬ್ಬಿಸಬಾರ್ದು." ಅವಳು ಒಪ್ಪಿದಳು. ಅವನು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ತಂದು ಎಣಿಸಿದ. "ನಮ್ಮವರಲ್ಲವಲ್ಲೇ" ಎಂದು ಬಕ್ಕೇಶಪ್ಪ ಗೊಣಗಿದ. "ನಮ್ಮವರನ್ನ ನೋಡಿದ್ದಾತಲ್ರಿ" ಎಂದಳು. ಬಡ್ಡಿಗೆ ಕಡಿಮೆ ಬಿದ್ದದ್ದನ್ನು ತುಪ್ಪ ಮಾರಿ ಕೂಡಿಸಿದಳು. ಮಹಾನವಮಿಗೆ ಇನ್ನೂ ದಿನವಿರುವಾಗಲೇ ಬೋರಮಾಳ ಅವಳ ಕೊರಳಿಗೆ ಬಂತು.

ಬಕ್ಕೇಶಪ್ಪನಿಗೆ ಈಗ ಧೈರ್ಯ ಬಂದಿತ್ತು. "ಆ ಕಡೆ ಮನೆಯಾಗೂ ಒಂದು ತಿಂಗಳು ಕುಂತು ಬಾರೇ" ಎಂದ.

"ಅದೇನು ನನ್ನ ತವರಾ? ಸೋದರಮಾವ ನೀವದೀರಿ, ನೀವು ಹೋಗ್ರಿ."

ಹೋದ. ಶೇಂಗಾ ಚೀಲ ಹೊತ್ತೇ ಹೋದ. ಹೊತ್ತು ಮುಳುಗುವಾಗ ಬಂದು ಕಟ್ಟೆಯ ಮೇಲೆ ಕೂತ. ಚೀಲ ಬರಿದಾಗಿತ್ತು, ಶಿವಮೂರ್ತಪ್ಪ ಕೊಟ್ಟ ಹೊಸ ಧೋತರವನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದ, ಅದೂ ಇರಲಿಲ್ಲ.

"ಬಾಡ್ಗೆ ಕೊಟ್ನೇನ್ರಿ?"

"ವರದಕ್ಷಿಣೆಯಾಗೆ ಮುರ್ಕೊಳ್ರಿ ಮಾವ ಅಂದ."

"ನೀವೇನಂದ್ರಿ?"

"ಹೂಂ ಅಂದೆ."

"ವರದಕ್ಷಿಣೆ ಎಷ್ಟು ಅಂತ ಮಾತಾಡಿದ್ರಿ?"

ಬಕ್ಕೇಶಪ್ಪ ಕಾಲಿನ ಧೂಳು ಒರೆಸಿಕೊಂಡ. ಹೇಳಲೋ ಬೇಡವೋ ಎಂದು ಎತ್ತಿನ ಕೊಟ್ಟಿಗೆಯ ಕಡೆ ನೋಡಿದ.

"ಅದು ಈಗ್ಲೇ ಹೇಳಾಕ ಬರಲ್ವಂತೆ" ಎಂದ. "ಬಾಡ್ಗೆ ಎಷ್ಟು ನಿಂತಿರ್ತೈತೋ, ಅದಕ್ಕಿಂತ ಒಂಚೂರು ಜಾಸ್ತಿ ಇರ್ಬೇಕಂತೆ."