ಎಡಗೈಯ ರಕ್ತ

ಅಕ್ಕ ಊರಲ್ಲಿ ಇಲ್ಲದಾಗ ಮಾತ್ರ ತನಗೆ ಫಿಟ್ಸ್ ಬರುತ್ತದೆ ಎಂದು ಡ್ರೈವರ್ ನಗುತ್ತಲೇ ಹೇಳಿದ. ಹೊಸ ಡಾಕ್ಟರಮ್ಮ ನಗಲಿಲ್ಲ. ಅಕ್ಕ ಊರಲ್ಲಿದ್ದಾಗ ಏನು ಕೊಡುತ್ತಾರೆ ಎಂದು ಕೇಳಿದರು.

ಡ್ರೈವರ್ ಎಂಬುದು ಈಗ ಹೆಸರಿಗಷ್ಟೇ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಲು ಹೋದವನು ಡಿಪೋ ಅಂಗಳದಲ್ಲೇ ಬಿದ್ದು ಕೈಕಾಲು ಬಡಿದಿದ್ದ. ರಕ್ತದ ಸಕ್ಕರೆ ಸರಿಯಾಗಿದೆ, ತಲೆಯ ಸ್ಕ್ಯಾನೂ ಸರಿಯಾಗಿದೆ, ಹಾಗಾದರೆ ಮೂರ್ಛೆರೋಗವೇ ಎಂದು ಆಸ್ಪತ್ರೆಯಲ್ಲಿ ತೀರ್ಮಾನಿಸಿದರು. ಮಾತ್ರೆ ಬಂತು, ಲೈಸೆನ್ಸ್ ಹೋಯಿತು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ಪೈಪು ಕೊಟ್ಟು ಬಸ್ ತೊಳೆಯಲು ನಿಲ್ಲಿಸಿದರು. ನಿನ್ನೆಯವರೆಗೆ ಅಣ್ಣಾ ಎನ್ನುತ್ತಿದ್ದ ಹುಡುಗರೇ ಗಾಜನ್ನೂ ಒರೆಸಿಬಿಡಪ್ಪ ಎಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಆಗ ಕೈಬಿಡದೆ ನಿಂತವಳು ಅಕ್ಕ. ಅದೇ ಆಸ್ಪತ್ರೆಯ ನರ್ಸ್. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ, ಕೈಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಅವನು ಬಿದ್ದ ಮೂರನೇ ದಿನದಿಂದ, ಡ್ಯೂಟಿಗೆ ಹೋಗುವ ಮುಂಚೆ ಅವನ ಮನೆಗೆ ಬಂದು, ನಾಲ್ಕು ಚಮಚ ಸಕ್ಕರೆ ಬೆರೆಸಿದ ಹಾಲು ಕುಡಿಸಿಯೇ ಹೋಗುತ್ತಿದ್ದಳು. ಪಾಪುಗೆ ಬಾಟಲಿಯಲ್ಲೇ ಕೊಡಿ ಎಂದು ಹೆಂಡತಿ ಚುಡಾಯಿಸಿದರೆ, ನಿನಗೆ ಹೊಟ್ಟೆಕಿಚ್ಚು ಎನ್ನುತ್ತಿದ್ದ.

ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ ಮೇಲೆ ಡಾಕ್ಟರಮ್ಮ ಹಳೆಯ ಕೇಸ್ ಶೀಟ್ ತರಿಸಿದರು. ಆರು ಹತ್ತಕ್ಕೆ ಗ್ಲೂಕೋಸ್ ಡ್ರಿಪ್, ಎಡಗೈ. ಆರು ಇಪ್ಪತ್ತೈದಕ್ಕೆ ರಕ್ತದ ಮಾದರಿ, ಅದೂ ಎಡಗೈ. ಡ್ರಿಪ್ ಹರಿಯುತ್ತಿದ್ದ ಕೈಯಿಂದಲೇ ರಕ್ತ ತೆಗೆದಿದ್ದಾರೆ, ಟ್ಯೂಬಿಗೆ ಬಂದದ್ದು ಬಾಟಲಿಯ ಸಕ್ಕರೆ, ನಿಮ್ಮದಲ್ಲ ಎಂದು ಬಿಡಿಸಿ ಹೇಳಿದರು. ಅವನಿಗೆ ಅರ್ಧ ಕೇಳಿಸಲೇ ಇಲ್ಲ. ಶೀಟಿನಲ್ಲಿದ್ದ ಆ ದುಂಡು ಅಕ್ಷರ ಅವನಿಗೆ ಸ್ಲೇಟಿನ ಕಾಲದಿಂದ ಗೊತ್ತು.

ವಾರ್ಡಿಗೆ ಸೇರಿಸಿಕೊಂಡು, ಕಣ್ಗಾವಲಿನಲ್ಲಿಟ್ಟು ಉಪವಾಸ ಕೆಡವಿದರು. ಮರುದಿನ ಬೆಳಗ್ಗೆ ಅವನ ನಾಲಿಗೆ ತೊದಲಿತು, ಮೈ ಬೆವರಿತು. ಈ ಸಲ ಡ್ರಿಪ್ ಹಾಕುವ ಮೊದಲೇ ರಕ್ತ ತೆಗೆದರು. ಎಪ್ಪತ್ತಾದರೂ ಇರಬೇಕಾದ ಸಕ್ಕರೆ ಮೂವತ್ತಾರಕ್ಕೆ ಇಳಿದಿತ್ತು. ಮೇದೋಜೀರಕದಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು, ಸಕ್ಕರೆ ಇಳಿಸುತ್ತಿದ್ದದ್ದು ಅದೇ. ಇದು ಮೂರ್ಛೆರೋಗವೇ ಅಲ್ಲ, ಗಂಟು ತೆಗೆದರೆ ಮತ್ತೆ ಬಸ್ ಓಡಿಸಬಹುದು ಎಂದರು. ಕುಣಿದಾಡಬೇಕಾದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದ.

ಸಂಜೆ ಅಕ್ಕ ಬಂದಳು. ಯೂನಿಫಾರಂ ಕೂಡ ಬದಲಿಸಿರಲಿಲ್ಲ.

"ಡ್ರಿಪ್ ಇದ್ದ ಎಡಗೈಯಿಂದ್ಲೇ ರಕ್ತ ತೆಗ್ದೆ ಅಂತ ಯಾವಾಗ ಗೊತ್ತಾಯ್ತು ನಿಂಗೆ?"

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. "ಅವತ್ತು ಸಂಜೇನೇ."

ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಮಾತ್ರೆ ಶುರುವಾಗಿತ್ತು, ದೊಡ್ಡ ಡಾಕ್ಟರ ಸಹಿ ಬಿದ್ದಿತ್ತು. ಬಡ್ತಿಯೂ ಬಂತು. ಆಮೇಲೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲವಂತೆ.

"ಹಾಲು ಕೊಟ್ರೆ ಫಿಟ್ಸ್ ಬರಲ್ಲ ಅಂತ ಗೊತ್ತಿತ್ತು. ನಿನ್ನ ಬೀಳೋಕೆ ಬಿಡ್ಲಿಲ್ವಲ್ಲೋ," ಎಂದಳು.

ಅಪ್ಪನಿಗೂ ಹೇಳದ ಗುಟ್ಟನ್ನು ಇವಳಿಗೆ ಹೇಳಿ ಬೆಳೆದವನು ಅವನು. ಸಾವಿರ ಬೆಳಗು ಇವಳು ಬಾಗಿಲು ತಟ್ಟಿದ್ದಳು, ಸಾವಿರ ಸಲವೂ ಗೊತ್ತಿದ್ದೇ ತಟ್ಟಿದ್ದಳು. ಖಾಲಿ ಲೋಟ ತೊಳೆದಿಟ್ಟು, ಅವನನ್ನು ಬಸ್ ತೊಳೆಯಲು ಕಳಿಸಿದ್ದಳು.

ಅಷ್ಟರಲ್ಲಿ ವಾರ್ಡಿನ ನರ್ಸ್ ಬಂದು ಬೆರಳು ಚುಚ್ಚಿ ನೋಡಿ, ಸಕ್ಕರೆ ಮತ್ತೆ ಇಳಿಯುತ್ತಿದೆ ಎಂದು ಒಂದು ಲೋಟ ಸಿಹಿ ಹಾಲು ತಂದಳು. ಅಕ್ಕ ಅಭ್ಯಾಸಬಲದಿಂದ ಕೈಚಾಚಿ ಲೋಟ ತೆಗೆದುಕೊಂಡಳು, ಅವನ ತಲೆಯ ಹಿಂದೆ ಕೈಯಿಟ್ಟು ಎತ್ತಲು ಬಾಗಿದಳು.

ಅವನ ಮೈ ಮತ್ತೆ ಬೆವರತೊಡಗಿತ್ತು. ಆದರೂ ತಲೆ ತಿರುಗಿಸಿಕೊಂಡ.

"ಸಿಸ್ಟರ್, ಅವ್ರ ಕೈಯಿಂದ ಬೇಡ. ನೀವೇ ಕುಡಿಸಿ."